ಡೀಸೆಲ್ ಹೊಗೆಯ ಪೈಪೋಟಿ

ಪೆಟ್ರೋಲ್ ಪಂಪುಗಳಲ್ಲಿ ಯೂರಿಯಾ ದ್ರಾವಣದ ಡಬ್ಬಗಳನ್ನು ಮಾರುವುದನ್ನು ವಾಚಕರು ನೋಡಿರಬಹುದು. ಹೊಲಕ್ಕೆ ಹಾಕುವ ಯೂರಿಯಾಕ್ಕೂ ಮೋಟಾರಿಗೂ ಏನು ಸಂಬಂಧ? ಇದನ್ನು ಅರಿಯಲು ಡೀಸೆಲ್ ಹೊಗೆಯ ಗುಣವನ್ನು ಮೊದಲು ತಿಳಿಯೋಣ.

ಡೀಸೆಲ್ ಎಂಜಿನ್ನು ಕಡಿಮೆ ಎಣ್ಣೆಯಲ್ಲಿ ಹೆಚ್ಚು ದೂರ ಓಡುತ್ತದೆ. ಆದರೆ ಅದರ ಹೊಗೆಯಲ್ಲಿ ಎರಡು ಕೇಡುಗಳುಂಟು. ಒಂದು, ಕಪ್ಪು ಮಸಿ. ಇದನ್ನು ಹೊಗೆ ಕೊಳವೆಯಲ್ಲಿರುವ ಫಿಲ್ಟರು ಹಿಡಿದು, ಆಗಾಗ ಸುಟ್ಟುಬಿಡುತ್ತದೆ. ಇನ್ನೊಂದು, ನೈಟ್ರೋಜನ್ ಆಕ್ಸೈಡುಗಳು. ಎಂಜಿನ್ನಿನ ಕಡುಕಾವಿನಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿದಾಗ ಇವು ಹುಟ್ಟುತ್ತವೆ. ಉಬ್ಬಸದವರಿಗೂ ಮಕ್ಕಳಿಗೂ ಇವು ಬಹಳ ಕೆಟ್ಟವು.

ಈ ಅನಿಲವನ್ನು ಅಡಗಿಸಲು ಎರಡು ಮಾರ್ಗಗಳಿವೆ. ಮೊದಲನೆಯದು ಹಿಡಿದಿಡುವ ಮಾರ್ಗ. ಪ್ಲಾಟಿನಮ್, ಬೇರಿಯಮ್ ಲೇಪಿಸಿದ ಪಾತ್ರೆಯು ಅನಿಲವನ್ನು ಹಿಡಿದಿಡುತ್ತದೆ. ಅದು ತುಂಬಿದಾಗ ಎಂಜಿನ್ನು ಸ್ವಲ್ಪ ಹೆಚ್ಚು ಎಣ್ಣೆ ಸುರಿದು ಅನಿಲವನ್ನು ಮತ್ತೆ ಸಾರಜನಕವಾಗಿ ಮಾಡುತ್ತದೆ. ಬೇರೆ ಟ್ಯಾಂಕು ಬೇಡ. ಚಿಕ್ಕ ಕಾರಿಗೆ ಅನುಕೂಲ. ಆದರೆ ಡೀಸೆಲಿನಲ್ಲಿರುವ ಗಂಧಕವೂ ಅಲ್ಲೇ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಹೆಚ್ಚು ಕಾವು ಬೇಕು. ಆ ಕಾವಿಗೆ ಪಾತ್ರೆಯೇ ಸವೆಯುತ್ತದೆ.

ಎರಡನೆಯದು ಯೂರಿಯಾ ಮಾರ್ಗ. ನೂರಕ್ಕೆ 32.5 ಭಾಗ ಯೂರಿಯಾ ಇರುವ ಶುದ್ಧ ನೀರನ್ನು ಬಿಸಿ ಹೊಗೆಗೆ ಚಿಮುಕಿಸಿದರೆ ಅಮೋನಿಯಾ ಆಗುತ್ತದೆ. ಅದು ಅನಿಲದೊಡನೆ ಬೆರೆತು ಸಾರಜನಕ ಮತ್ತು ನೀರಾಗಿ ಹೊರಬೀಳುತ್ತದೆ. ಇದಕ್ಕೆ ಟ್ಯಾಂಕು, ಪಂಪು ಬೇಕು, ಖರ್ಚೂ ಹೆಚ್ಚು.

ಅಮೆರಿಕದ ಕಾನೂನು ಬಿಗಿಯಾದದ್ದು. ಹೊಸ ಕಾರು ಶುದ್ಧವಾಗಿದ್ದರೆ ಸಾಲದು. 1,20,000 ಮೈಲಿ, ಅಂದರೆ ಸುಮಾರು 1,93,000 ಕಿಲೋಮೀಟರು ಓಡಿದ ಮೇಲೂ ಮಿತಿಯೊಳಗೇ ಇರಬೇಕೆಂದು ಆಗ ನಿಯಮವಿತ್ತು. ಜರ್ಮನಿಯ ಮರ್ಸಿಡಿಸ್ ಮತ್ತು ಫೋಕ್ಸ್‌ವ್ಯಾಗನ್ ಕಂಪನಿಗಳು ಬ್ಲೂಟೆಕ್ ಎಂಬ ಒಂದೇ ಹೆಸರಿನಲ್ಲಿ ಅಲ್ಲಿ ಡೀಸೆಲ್ ಕಾರು ಮಾರುವುದಾಗಿ 2006ರಲ್ಲಿ ಸಾರಿದವು. ಮರುವರ್ಷವೇ ಫೋಕ್ಸ್‌ವ್ಯಾಗನ್ ಬೇರೆಯಾಯಿತು. ಯೂರಿಯಾ ಇಲ್ಲದೆಯೇ ಕೆಲಸ ಸಾಗುತ್ತದೆಂದು 2008ರಲ್ಲಿ ಜೆಟ್ಟಾ ಕಾರನ್ನು ಮಾರುಕಟ್ಟೆಗೆ ತಂದಿತು.

ಒಳಗಿನ ಸಂಗತಿಯೇ ಬೇರೆ. ಆ ಕಾರನ್ನು ಕಾನೂನಿನಂತೆ ಓಡಿಸಿದರೆ ಮಸಿ ಹೆಚ್ಚಿ ಫಿಲ್ಟರು ಬೇಗ ಕೆಡುತ್ತಿತ್ತು. ಆದುದರಿಂದ ಕಾರು ಪರೀಕ್ಷೆಯ ಉರುಳೆಗಳ ಮೇಲಿದ್ದಾಗ ಮಾತ್ರ ಹೊಗೆ ಶುದ್ಧವಾಗುವಂತೆ ಅದರ ಕಂಪ್ಯೂಟರಿಗೆ ಕಲಿಸಿದ್ದರು. ಇನ್ಸ್‌ಪೆಕ್ಟರು ಬರುವ ದಿನ ಮಾತ್ರ ಗಿರಣಿಯ ನೆಲ ಗುಡಿಸಿದ ಹಾಗೆ. ಆದರೂ ಕೆಲವು ಕಾರುಗಳ ಭಾಗಗಳು ಕೆಡತೊಡಗಿದವು. ಅವು ರಸ್ತೆಯಲ್ಲೂ ಪರೀಕ್ಷೆಯ ಕ್ರಮದಲ್ಲೇ ಓಡುತ್ತಿರಬಹುದೆಂದು ಎಂಜಿನಿಯರರು ಊಹಿಸಿದರು. ಪರೀಕ್ಷೆಯಲ್ಲಿ ಸ್ಟೀರಿಂಗ್ ಚಕ್ರವನ್ನು ತಿರುಗಿಸುವುದಿಲ್ಲವಷ್ಟೆ. ಚಕ್ರ ತಿರುಗಿತೆಂದರೆ ರಸ್ತೆಯೆಂದು ಗುರುತಿಸುವ ಉಪಾಯವನ್ನೂ ಸೇರಿಸಿದರು.

ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳೆಯುವ ಯಂತ್ರವನ್ನು ಕಾರಿನಲ್ಲೇ ಇಟ್ಟು ರಸ್ತೆಯಲ್ಲಿ ಓಡಿಸಿದರು. 2014ರಲ್ಲಿ ಹೊರಬಂದ ವರದಿಯಂತೆ ಜೆಟ್ಟಾ ಮಿತಿಗಿಂತ 15ರಿಂದ 35 ಪಟ್ಟು ಅನಿಲ ಬಿಟ್ಟಿತ್ತು. ಅದೇ ಕಂಪನಿಯ ಪಸಾಟ್ ಕಾರಿಗೆ ಯೂರಿಯಾ ಇದ್ದರೂ 5ರಿಂದ 20 ಪಟ್ಟು ಬಿಟ್ಟಿತ್ತು. 2015ರ ಸೆಪ್ಟೆಂಬರಿನಲ್ಲಿ ಮೋಸ ಬಯಲಾಯಿತು. ಲೋಕದಲ್ಲೆಲ್ಲ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಇಂಥ ಏರ್ಪಾಡಿದ್ದುದನ್ನು ಕಂಪನಿ ಒಪ್ಪಿತು. 2017ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಅಪರಾಧವನ್ನೂ ಒಪ್ಪಿಕೊಂಡಿತು. ಯೂರಿಯಾ ಬಳಸಿದ ಮರ್ಸಿಡಿಸಿನವರೂ ನಿರ್ದೋಷಿಗಳೆನಿಸಲಿಲ್ಲ. ಅವರ ಮೇಲೂ ಇಂಥದೇ ಆರೋಪ ಬಂದು, 2020ರಲ್ಲಿ ಸುಮಾರು 150 ಕೋಟಿ ಡಾಲರಿಗೆ ರಾಜಿಯಾದರು. ಆದುದರಿಂದ ಯಾವ ಮಾರ್ಗವಾದರೂ ಸರಿ, ಅದು ದಿನವೂ ಕೆಲಸ ಮಾಡುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಬಂದಿತು. ಹೊಸ ಕಾರುಗಳನ್ನು ರಸ್ತೆಯಲ್ಲೇ ಅಳೆಯುವ ಕ್ರಮ 2023ರಲ್ಲಿ ಜಾರಿಯಾಯಿತು. ನಮ್ಮವರಲ್ಲಿ ಗಾಡಿ ಓಡಿಸುವವರು ಎರಡು ಮಾತನ್ನು ನೆನಪಿಡಬೇಕು. ಯೂರಿಯಾ ಟ್ಯಾಂಕಿಗೆ ನಲ್ಲಿ ನೀರು ಬೆರೆಸಬಾರದು. ಅದರಲ್ಲಿರುವ ಲವಣಗಳು ಒಳಭಾಗವನ್ನು ಕೆಡಿಸುತ್ತವೆ. ಮೈಲೇಜಿನ ಆಸೆಗೆ ಮೆಕ್ಯಾನಿಕ್ಕಿನ ಮಾತು ಕೇಳಿ ಫಿಲ್ಟರು ತೆಗೆಸಬಾರದು. ಆ ಹೊಗೆಯನ್ನು ಮೊದಲು ಕುಡಿಯುವವರು ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುವ ನಮ್ಮಂಥವರೇ.