ಶರಣಾದವರು ಊರಿಗೆ ಮರಳಿದಾಗ: ಕಾನೂನು ಹೇಳುವುದೇನು?

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಇಂಥವರು ಜಾಮೀನು ಪಡೆದೋ ಖುಲಾಸೆಯಾಗಿಯೋ ಊರಿಗೆ ಮರಳಿದಾಗ ಅಕ್ಕಪಕ್ಕದವರಲ್ಲಿ ಸಿಟ್ಟೂ ಇರುತ್ತದೆ, ಅಂಜಿಕೆಯೂ ಇರುತ್ತದೆ. ಕಾನೂನು ತಿಳಿದರೆ ಎರಡೂ ಎಷ್ಟೋ ತಗ್ಗುತ್ತವೆ.

ಶರಣಾದರೆ ಕೇಸು ಮಾಫಿಯೇ?
ಅಲ್ಲ. ಶರಣಾದವರಿಗೆ ಸರ್ಕಾರ ಕೊಡುವ ಪುನರ್ವಸತಿ ಪ್ಯಾಕೇಜ್ ಬೇರೆ, ಮೊಕದ್ದಮೆ ಬೇರೆ. ಮೊಕದ್ದಮೆ ಹಿಂಪಡೆಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಂ ಪ್ರಕಾರ ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಸಂತ್ರಸ್ತರಿಗೆ ಅಹವಾಲು ಹೇಳಲು ಅವಕಾಶ ಕೊಡದೆ ನ್ಯಾಯಾಲಯ ಒಪ್ಪುವಂತಿಲ್ಲ. ಹಿಂಸೆಯಲ್ಲಿ ನೊಂದವರಿಗೆ 396ನೇ ಕಲಂ ಅಡಿ ಪರಿಹಾರ ಕೇಳುವ ದಾರಿಯೂ ಇದೆ.

ಮನೆ, ಕೆಲಸ ಕೊಟ್ಟರೆ ನಮಗೆ ತೊಂದರೆಯೇ?
ತಲೆಮರೆಸಿಕೊಂಡವರನ್ನು ಗೊತ್ತಿದ್ದೂ ಬಚ್ಚಿಡುವುದು ಅಪರಾಧ. ಜಾಮೀನಿನ ಮೇಲೆ ಬಹಿರಂಗವಾಗಿ ಬದುಕುತ್ತಿರುವವರಿಗೆ ಬಾಡಿಗೆ ಮನೆ, ಕೂಲಿ ಕೊಡುವುದಷ್ಟೇ ಅಪರಾಧವಾಗದು. ಊರು ಬಿಡಬಾರದು, ಠಾಣೆಗೆ ಹಾಜರಾಗಬೇಕು ಎಂಬಂಥ ಜಾಮೀನು ಷರತ್ತುಗಳೇನಾದರೂ ಇವೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಅವರಿಗಿರುವ ಹಕ್ಕುಗಳು
* ಅಪರಾಧ ಸಾಬೀತಾಗುವವರೆಗೆ ಅವರು ಆರೋಪಿಗಳಷ್ಟೇ. ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷೆ ಕೂಡದು (ಸಂವಿಧಾನದ 20(2)ನೇ ವಿಧಿ).
* ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ, ಜಾಮೀನಿನ ಮೇಲೆ ಹೊರಗಿರುವವರು ಮತ ಹಾಕಬಹುದು.
* ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಸಹಾಯವಾಣಿ: 15100.

ಊರವರು ದೂರವಿಟ್ಟರೆ?
ಮಲೆಕುಡಿಯರಂಥ ಪರಿಶಿಷ್ಟ ಪಂಗಡದ ಕುಟುಂಬಕ್ಕೆ ಪರಿಶಿಷ್ಟ ಜಾತಿ–ಪಂಗಡಗಳಿಗೆ ಸೇರದವರು ಬಹಿಷ್ಕಾರ ಹಾಕಿದರೂ, ಹಾಕುತ್ತೇವೆಂದು ಬೆದರಿಸಿದರೂ ಪರಿಶಿಷ್ಟ ಜಾತಿ–ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಖುಲಾಸೆಯಾದವರು ಕೊಲೆಗಾರರೆಂಬ ಸಂದೇಶವನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿಯಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿ ಮಾನಹಾನಿ ಮೊಕದ್ದಮೆ ಎದುರಿಸಬೇಕಾದೀತು. ಅವರ ಮಕ್ಕಳನ್ನು ಶಾಲೆಯಲ್ಲಿ ಹಂಗಿಸುವಂತಿಲ್ಲ. ಮಾನಸಿಕ ಕಿರುಕುಳವನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ದೂರು ಕೊಡುವಾಗ ದಿನಾಂಕ, ಸಾಕ್ಷಿಗಳ ಹೆಸರು, ಸಂದೇಶದ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ.

ಮಾಡಿದ ತಪ್ಪನ್ನು ಮರೆಯಿರಿ ಎಂದು ಕಾನೂನು ಯಾರಿಗೂ ಹೇಳುವುದಿಲ್ಲ. ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ಬೀದಿಗಿಲ್ಲ ಎಂದಷ್ಟೇ ಹೇಳುತ್ತದೆ. ಬಂದೂಕು ಕೆಳಗಿಟ್ಟವರಿಗೆ ಊರಿನಲ್ಲಿ ಬದುಕು ಸಿಕ್ಕರೆ ಮಾತ್ರ ಕಾಡಿನಲ್ಲಿ ಉಳಿದವರಿಗೂ ಹೊರಬರುವ ಧೈರ್ಯ ಬರುತ್ತದೆ.