ಡೊಮೇನ್ ಖಾಲಿ ಇದೆ ಅಂದಮಾತ್ರಕ್ಕೆ

ಮೈಸೂರು

ಚಿ. ಪ್ರಸನ್ನನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ದಾವಣಗೆರೆಯಲ್ಲಿ ವಾಷಿಂಗ್ ಮಷಿನ್ ರಿಪೇರಿಗೆ ಸ್ವಂತ ಅಂಗಡಿ ಹಾಕುತ್ತಿದ್ದೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು. ಡ್ರಮ್ ತಿರುಗುವ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅನ್ನುವ ಹುಡುಗ ನೀನು, ಗಿರಾಕಿಗಳಿಗೆ ಬರವಿರುವುದಿಲ್ಲ. ಆದರೆ ವೆಬ್‌ಸೈಟಿಗೆ ಮಷಿನ್ ಮಾಡುವ ಒಂದು ದೊಡ್ಡ ಕಂಪನಿಯ ಹೆಸರು ಹಾಕಿ, ಹಿಂದೆ 'ಸರ್ವೀಸ್ ದಾವಣಗೆರೆ' ಅಂತ ಸೇರಿಸಿ ಡೊಮೇನ್ ನೋಡಿಟ್ಟಿದ್ದೀಯಂತೆ. ದುಡ್ಡು ಕಟ್ಟಿಲ್ಲ ತಾನೆ? ಕಟ್ಟುವ ಮೊದಲು ಇದನ್ನು ಓದು. ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿ ಇಂಥ ಫೈಲುಗಳನ್ನು ಕಟ್ಟಿ ಬಿಚ್ಚಿಯೇ ನನ್ನ ತಲೆ ನರೆತದ್ದು.

ಹೆಸರು ಖಾಲಿ ಇದೆ ಅಂದೆಯಂತೆ. ಇರಬಹುದು. ಡೊಮೇನ್ ಮಾರುವವರು ಮೊದಲು ಬಂದವನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಅದು ಯಾರ ಟ್ರೇಡ್‌ಮಾರ್ಕ್ ಅಂತ ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ವಿಚಾರಿಸುವವರು ಆಮೇಲೆ ನೋಟೀಸು ಹಿಡಿದು ಬರುತ್ತಾರೆ.

ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲೇ ಶುರುವಾದ ಒಂದು ಕೇಸು ಹೇಳುತ್ತೇನೆ. ಸತ್ಯಂ ಇನ್ಫೋವೇ ಕಂಪನಿ 1999ರಿಂದ ಸಿಫಿ ಅನ್ನುವ ಹೆಸರಿನಲ್ಲಿ ಡೊಮೇನ್ ಇಟ್ಟುಕೊಂಡಿತ್ತು. 2001ರಲ್ಲಿ ಇನ್ನೊಂದು ಸಂಸ್ಥೆ ಒಂದು 'ಎಫ್' ಹೆಚ್ಚಿಗೆ ಹಾಕಿ, ಹಿಂದೆ 'ನೆಟ್' ಸೇರಿಸಿ ಸಿಫ್ಫಿನೆಟ್ ಅಂತ ಶುರುಮಾಡಿತು. ಯಾಕಪ್ಪಾ ಈ ಹೆಸರು ಅಂದರೆ, ನಮ್ಮ ಪ್ರವರ್ತಕರ ಹೆಸರುಗಳ ಮೊದಲಕ್ಷರ ಕೂಡಿಸಿದ್ದು ಅಂದರು. ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ತೆಗೆದುಹಾಕಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಊರ್ಜಿತಗೊಳಿಸಿತು. ಮೊದಲಕ್ಷರದ ಕಥೆಯನ್ನು ಅದು ನಂಬಲಿಲ್ಲ. ಡೊಮೇನಿಗೆಂದೇ ನಮ್ಮಲ್ಲಿ ಬೇರೆ ಕಾನೂನಿಲ್ಲದಿದ್ದರೂ, ಒಬ್ಬರ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವುದರ ವಿರುದ್ಧ ಇರುವ ಹಳೆಯ ನ್ಯಾಯವೇ ಇದಕ್ಕೂ ಸಲ್ಲುತ್ತದೆ ಅಂದಿತು. 'ನೆಟ್' ಸೇರಿಸಿದರೆ ಹೋಲಿಕೆ ಹೋಗದು ಅಂದಮೇಲೆ ನಿನ್ನ 'ದಾವಣಗೆರೆ' ಸೇರಿಸಿದರೆ ಹೋಗುತ್ತದೆಯೇ?

ನಾವು ಕಂಪನಿಯವರಲ್ಲ ಅಂತ ಕೆಳಗೆ ಸಣ್ಣದಾಗಿ ಬರೆದರಾಯಿತು ಅನ್ನುತ್ತೀಯೇನೋ. ಯಾಹೂ ಇಂಡಿಯಾ ಅಂತ ಹೆಸರಿಟ್ಟುಕೊಂಡವರೂ ಅದನ್ನೇ ಹೇಳಿದರು. ಅಷ್ಟು ಸಾಲದು ಅಂದಿತು 1999ರಲ್ಲಿ ದೆಹಲಿ ಹೈಕೋರ್ಟು.

ಕೋರ್ಟಿನ ಮಾತು ಬಿಡು, ನಿಮ್ಮತ್ತೆಯ ಪಾಡು ಕೇಳು. ನಮ್ಮ ಮಷಿನ್ ನಿಂತಾಗ ಕಂಪನಿಯ ಹೆಸರಿದ್ದ ಒಂದು ಸೈಟು ನೋಡಿ ಫೋನ್ ಮಾಡಿದಳು. ಬಂದವನು ಹಿಂದಿನ ಮುಚ್ಚಳ ಬಿಚ್ಚಿದ, ಟಾರ್ಚು ಹಿಡಿದ, ಪಿಸಿಬಿ ಸುಟ್ಟಿದೆ ಅಂತ ಬಿಚ್ಚಿಕೊಂಡು ಅಡ್ವಾನ್ಸ್ ಇಸ್ಕೊಂಡು ಹೋದವನು ಪತ್ತೆಯೇ ಇಲ್ಲ. ಕಂಪನಿಗೆ ಕೇಳಿದರೆ, ಅವನು ನಮ್ಮವನೇ ಅಲ್ಲ, ಇನ್ನು ವಾರಂಟಿಯೂ ಇಲ್ಲ ಅಂದರು. ನೀನು ಅಂಥವನಲ್ಲ, ನನಗೆ ಗೊತ್ತು. ಆದರೆ ಫೋನ್ ಮಾಡುವ ಹೆಂಗಸಿಗೆ ಹೇಗೆ ಗೊತ್ತಾಗಬೇಕು? ಅವಳು ಕರೆಯುವುದು ಕಂಪನಿಯನ್ನು, ಬಾಗಿಲಲ್ಲಿ ನಿಲ್ಲುವವನು ನೀನು.

ಹಾಗಂತ ಕಂಪನಿಗಳು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಅಮೆರಿಕದಲ್ಲಿ ಲೆಕ್ಸಸ್ ಕಾರು ಕೊಡಿಸುವ ದಲ್ಲಾಳಿಗಳು ತಮ್ಮ ಡೊಮೇನಿನಲ್ಲಿ ಆ ಹೆಸರು ಬಳಸಿದ್ದಕ್ಕೆ ಟೊಯೋಟಾ ಕೇಸು ಹಾಕಿತು. ನಿಜಕ್ಕೂ ಲೆಕ್ಸಸ್ಸೇ ಕೊಡಿಸುವವರು ಲೆಕ್ಸಸ್ ಅನ್ನದೆ ಇನ್ನೇನನ್ನಬೇಕು ಅಂತ 2010ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಅವರ ಕಡೆ ವಾಲಿತು. ನನಗೂ ಅದು ನ್ಯಾಯ ಅನ್ನಿಸುತ್ತದೆ. ಆದರೆ ಆ ತೀರ್ಪು ನೆಚ್ಚಿಕೊಂಡು ನೀನು ಇಲ್ಲಿ ಕೋರ್ಟು ಹತ್ತಬೇಡ. ಡಾಟ್ ಇನ್ ಹೆಸರುಗಳ ತಕರಾರಿನಲ್ಲಂತೂ ನಿಯಮ ಇನ್ನೂ ಬಿಗಿ. ಡಾಟ್ ಕಾಮ್ ಆದರೆ ಕೆಟ್ಟ ಉದ್ದೇಶದಿಂದ ನೋಂದಾಯಿಸಿದ್ದನ್ನೂ ಹಾಗೇ ಬಳಸಿದ್ದನ್ನೂ ಎರಡನ್ನೂ ಕಂಪನಿಯವರು ತೋರಿಸಬೇಕು, ಡಾಟ್ ಇನ್‌ಗೆ ಎರಡರಲ್ಲಿ ಒಂದು ಸಾಕು. ಸೋತರೆ ಡೊಮೇನ್ ಅವರ ಕೈಗೆ ಹೋಗುತ್ತದೆ. ವಿಸಿಟಿಂಗ್ ಕಾರ್ಡು, ಆಟೋ ಹಿಂದಿನ ಸ್ಟಿಕರು, ಗಿರಾಕಿಗಳು ಉಳಿಸಿಕೊಂಡ ವಿಳಾಸ, ಎಲ್ಲ ನೀರಿನಲ್ಲಿ ಮಾಡಿದ ಹೋಮ.

ನಿನ್ನದೇ ಹೆಸರಿಡು. ಪ್ರಸನ್ನ ಹೋಮ್ ಸರ್ವೀಸ್ ಅಂದರೆ ಏನು ಕಡಿಮೆ? ನಾಳೆ ಫ್ರಿಜ್ಜು, ಗೀಸರು, ಬೇರೆ ಕಂಪನಿಯ ಮಷಿನ್ ಯಾವುದು ಬಂದರೂ ನಡೆಯುತ್ತದೆ. ಸೈಟಿನ ಒಳಗೆ, ಈ ಈ ಕಂಪನಿಗಳ ಮಷಿನ್ ರಿಪೇರಿ ಮಾಡುತ್ತೇವೆ, ನಾವು ಅಧಿಕೃತ ಸರ್ವೀಸ್ ಸೆಂಟರ್ ಅಲ್ಲ ಅಂತ ದಪ್ಪಕ್ಷರದಲ್ಲಿ ಬರೆ. ಇದ್ದದ್ದನ್ನು ಇದ್ದ ಹಾಗೆ ಹೇಳಲು ಕಂಪನಿಯ ಹೆಸರು ಎತ್ತಿದರೆ ತಪ್ಪಿಲ್ಲ. ಅವರ ಲೋಗೋ ಮಾತ್ರ ಮುಟ್ಟಬೇಡ. ನೀನು ಇಡುವ ಹೆಸರು ಬೇರೆ ಯಾರಾದರೂ ತೆಗೆದುಕೊಂಡಿದ್ದಾರೆಯೇ ಅಂತ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಸೈಟಿನಲ್ಲಿ 37ನೇ ವರ್ಗದಲ್ಲಿ ಹುಡುಕು, ರಿಪೇರಿ ಕೆಲಸ ಬರುವುದು ಅದರಲ್ಲೇ. ಹುಡುಕಲು ದುಡ್ಡು ಬೇಡ. ಒಂದು ವರ್ಷ ವ್ಯಾಪಾರ ನೋಡಿಕೊಂಡು ಅರ್ಜಿಯನ್ನೂ ಹಾಕು. ನಿನ್ನಂಥವರಿಗೆ ಆನ್‌ಲೈನ್ ಫೀಸು 4,500 ರೂಪಾಯಿ, ಮಂಜೂರಾದರೆ 10 ವರ್ಷ ಚಿಂತೆಯಿಲ್ಲ. ಆ ದುಡ್ಡು ನನ್ನ ಲೆಕ್ಕಕ್ಕೆ ಇರಲಿ.

ಇನ್ನೊಂದು ಮಾತು. ಸೈಟ್ ಮಾಡಿಕೊಡುವ ಆ ನಿನ್ನ ಗೆಳೆಯ ಡೊಮೇನನ್ನು ತನ್ನ ಇಮೇಲಿನಲ್ಲಿ ಬುಕ್ ಮಾಡಲು ಹೋದರೆ ಒಪ್ಪಬೇಡ. ನಿನ್ನ ಹೆಸರು, ನಿನ್ನ ಇಮೇಲ್, ನಿನ್ನ ಫೋನ್ ನಂಬರೇ ಇರಬೇಕು.

ಅಮ್ಮನಿಗೆ ನಮಸ್ಕಾರ ತಿಳಿಸು. ಅಂಗಡಿ ಪೂಜೆಯ ದಿನ ಗೊತ್ತಾದರೆ ಬೇಗ ಹೇಳು, ನಿಮ್ಮತ್ತೆ ರೈಲು ಟಿಕೆಟ್ ಮಾಡಿಸಬೇಕಂತೆ.

ಇಂತಿ,
ನಿನ್ನ ಮಾವ