ಅನ್ನ ಬಿಡುವ ಮುನ್ನ ಸಾರು ಬದಲಾಗಲಿ

ಲೋ ಕಾರ್ಬ್ ಪಥ್ಯ ಹಿಡಿಯುವವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ತಟ್ಟೆಯಿಂದ ಅನ್ನ, ಮುದ್ದೆ, ಚಪಾತಿಗಳನ್ನು ತೆಗೆದುಬಿಡುವುದು. ಪಥ್ಯ ಕೆಡಲು ಶುರುವಾಗುವುದೂ ಅಲ್ಲಿಂದಲೇ. ನಮ್ಮ ಊಟದಲ್ಲಿ ಅನ್ನ ಹತ್ತರಲ್ಲಿ ಒಂದು ಪದಾರ್ಥವಲ್ಲ. ಉಳಿದ ಒಂಬತ್ತೂ ಅದಕ್ಕೆ ನಂಟು ಹಾಕಿಕೊಂಡೇ ಹುಟ್ಟಿದಂಥವು. ಸಾರಿಗೆ ಬೀಳುವ ಉಪ್ಪು, ಹುಳಿ, ಖಾರ ಮೂರೂ ಅದು ಅನ್ನದಲ್ಲಿ ಕಲಸಿದ ಮೇಲೆ ಹದವಾಗಬೇಕು ಎಂಬ ಲೆಕ್ಕದಲ್ಲಿ ಬೀಳುತ್ತವೆ. ಮುದ್ದೆಗೆಂದು ಮಾಡಿದ ಬಸ್ಸಾರನ್ನು, ಅನ್ನಕ್ಕೆಂದು ಮಾಡಿದ ಗೊಜ್ಜನ್ನು ಬರಿದೇ ಬಟ್ಟಲಲ್ಲಿ ಕುಡಿಯಲು ಹೋದರೆ ನಾಲಿಗೆ ಒಪ್ಪುವುದಿಲ್ಲ. ಪಲ್ಯವಂತೂ ಎಲೆಯಂಚಿನ ಎರಡು ಚಮಚದ ಅತಿಥಿ. ಹೀಗಾಗಿ ಅನ್ನವನ್ನಷ್ಟೇ ಕಿತ್ತು ಹಾಕಿದವರಿಗೆ ಉಳಿಯುವುದು ಊಟವಲ್ಲ, ನೆಂಚಿಕೊಳ್ಳುವ ಸಾಮಾನು. ಮೂರ್ನಾಲ್ಕು ದಿನ ಹಸಿದುಕೊಂಡಿದ್ದು, ಐದನೆಯ ದಿನ ಮೊಸರನ್ನಕ್ಕೆ ಕೈಹಾಕಿ, ತಮಗೆ ಮನಸ್ಸು ಗಟ್ಟಿಯಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಆದರೆ ಅಲ್ಲಿ ಸೋತದ್ದು ಅಡುಗೆಯ ಯೋಜನೆ. ಈ ಪಥ್ಯವನ್ನು ಅನ್ನ ಬಿಡುವುದರಿಂದಲ್ಲ, ಅನ್ನವಿಲ್ಲದೆಯೂ ಹೊಟ್ಟೆ ತುಂಬಿಸುವ ಅಡುಗೆಯನ್ನು ಮೊದಲು ರೂಢಿ ಮಾಡಿಕೊಳ್ಳುವುದರಿಂದ ಆರಂಭಿಸಬೇಕು.

ಕಟ್ಟುನಿಟ್ಟಿನ ಲೋ ಕಾರ್ಬ್ ಎಂದರೆ ಎಷ್ಟು? ನಾರನ್ನು ಕಳೆದು ದಿನಕ್ಕೆ 50 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್. ಕೀಟೋ ಎಂಬ ಹೆಸರಿನಲ್ಲಿ ಓಡಾಡುತ್ತಿರುವುದು ಇದೇ. ಕೆಲವರು 20 ಗ್ರಾಂವರೆಗೂ ಇಳಿಯುತ್ತಾರೆ. 130 ಗ್ರಾಂ ಒಳಗಿದ್ದರೆ ಅದು ಸಾಧಾರಣ ಲೋ ಕಾರ್ಬ್. ಇದು ಮೊನ್ನೆ ಮೊನ್ನೆಯ ಹುಚ್ಚೇನಲ್ಲ. ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡ ಬಗೆಯನ್ನು 1863ರಲ್ಲಿ ಪುಸ್ತಿಕೆ ಮಾಡಿ ಹಂಚಿದ್ದ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಮೂರ್ಛೆರೋಗಿಗಳಿಗೆಂದು ಕೀಟೋ ಆಹಾರವನ್ನು ಸೂಚಿಸಿದ. 1972ರಲ್ಲಿ ರಾಬರ್ಟ್ ಅಟ್ಕಿನ್ಸ್ ಇದನ್ನು ಮನೆಮಾತು ಮಾಡಿದ. ನಮಗೆ ಇದು ಬೇಕೇ ಎಂಬ ಪ್ರಶ್ನೆಗೆ ಉತ್ತರ ನಮ್ಮಲ್ಲೇ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಲ್ಲಿದೆ. 2023ರಲ್ಲಿ ಅದು ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆ. 2025ರ ವರದಿಯಂತೆ ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62 ಭಾಗ ಬರುವುದು ಕಾರ್ಬೋಹೈಡ್ರೇಟಿನಿಂದ, ಅದೂ ಹೆಚ್ಚಾಗಿ ಪಾಲಿಷ್ ಅಕ್ಕಿ, ಗೋಧಿ ಹಿಟ್ಟು, ಸಕ್ಕರೆಯಿಂದ. ಪ್ರೋಟೀನಿನ ಪಾಲು ಶೇ 12ರ ಆಸುಪಾಸು.

ಆದರೆ ಈ ಪಥ್ಯ ಪವಾಡವೂ ಅಲ್ಲ. 2003ರಲ್ಲಿ ಅಮೆರಿಕದಲ್ಲಿ ಅಟ್ಕಿನ್ಸ್ ಆಹಾರವನ್ನು ಮಾಮೂಲಿ ಕಡಿಮೆ ಕೊಬ್ಬಿನ ಆಹಾರದೊಡನೆ ಹೋಲಿಸಿ ನಡೆಸಿದ ಪ್ರಯೋಗದಲ್ಲಿ ಆರು ತಿಂಗಳಿಗೆ ಲೋ ಕಾರ್ಬ್ ಮುಂದಿತ್ತು, ವರ್ಷ ತುಂಬುವ ಹೊತ್ತಿಗೆ ವ್ಯತ್ಯಾಸ ಹೇಳಿಕೊಳ್ಳುವಷ್ಟು ಉಳಿದಿರಲಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 609 ಜನರನ್ನು ಇಟ್ಟುಕೊಂಡು ಒಂದು ವರ್ಷ ನಡೆಸಿದ ಪ್ರಯೋಗದಲ್ಲಿ ಲೋ ಕಾರ್ಬ್ ಗುಂಪು ಸರಾಸರಿ 6 ಕೆ.ಜಿ., ಕಡಿಮೆ ಕೊಬ್ಬಿನ ಗುಂಪು 5.3 ಕೆ.ಜಿ. ಇಳಿದವು. ಸಕ್ಕರೆ ಕಾಯಿಲೆಗೆ ಬಂದರೆ, 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ, ಆರು ತಿಂಗಳಿಗೆ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.5ರ ಕೆಳಗೆ ಇಳಿದವರು ಲೋ ಕಾರ್ಬ್ ಗುಂಪಿನಲ್ಲಿ ಶೇ 57, ಇತರ ಆಹಾರದ ಗುಂಪಿನಲ್ಲಿ ಶೇ 31. ಇಲ್ಲೂ ವರ್ಷದ ಹೊತ್ತಿಗೆ ಲಾಭ ಕರಗುತ್ತದೆ. ಅದೇ ವಿಶ್ಲೇಷಣೆಯ ಇನ್ನೊಂದು ಸಂಗತಿ ಹೆಚ್ಚು ಮುಖ್ಯ: ಅತಿ ಕಟ್ಟುನಿಟ್ಟಿನ ಗುಂಪುಗಳು ತೂಕ ಇಳಿಸುವುದರಲ್ಲಿ ಸ್ವಲ್ಪ ಸಡಿಲವಿದ್ದ ಗುಂಪುಗಳಿಗಿಂತ ಹಿಂದೆ ಬಿದ್ದಿದ್ದವು, ಮತ್ತು ಆ ಹಿನ್ನಡೆಗೆ ಕಾರಣ ಜನ ಪಥ್ಯವನ್ನು ಪಾಲಿಸದೆ ಹೋದದ್ದು. ಆದ್ದರಿಂದ ಎಷ್ಟು ಗ್ರಾಂಗೆ ಇಳಿಯುತ್ತೀರಿ ಎನ್ನುವುದಕ್ಕಿಂತ ನಿಮ್ಮ ಅಡುಗೆಮನೆಯಲ್ಲಿ ಎಷ್ಟು ವಾರ ನಡೆಯುತ್ತದೆ ಎನ್ನುವುದನ್ನು ಮೊದಲು ಕೇಳಿಕೊಳ್ಳಬೇಕು. 20 ಗ್ರಾಂ ಪಥ್ಯ ಹಿಡಿದು ಎರಡನೆಯ ವಾರ ಕೈಬಿಡುವುದಕ್ಕಿಂತ 50 ಗ್ರಾಂನಲ್ಲಿ ಹನ್ನೆರಡು ವಾರ ನಿಲ್ಲುವುದು ಲೇಸು.

ಶುರು ಮಾಡುವ ಮೊದಲು ವೈದ್ಯರನ್ನು ಕಾಣಬೇಕು. ಇದು ಲೇಖನದ ಕೊನೆಗೆ ಸೇರಿಸುವ ಶಾಸ್ತ್ರದ ಮಾತಲ್ಲ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಬದಲಿಸದೆ ಅನ್ನ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳ ಜೊತೆ ಕೀಟೋ ಸೇರಿದರೆ, ಶುಗರ್ ಹೆಚ್ಚಿಲ್ಲದಿರುವಾಗಲೂ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಬಿಪಿ ಮಾತ್ರೆಯ ಪ್ರಮಾಣವನ್ನೂ ಮರುಪರಿಶೀಲಿಸಬೇಕಾದೀತು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಟೈಪ್ 1 ಸಕ್ಕರೆ ಕಾಯಿಲೆಯವರು, ಕಿಡ್ನಿ ಅಥವಾ ಮೇದೋಜೀರಕ ಗ್ರಂಥಿಯ ತೊಂದರೆ ಇರುವವರು ಇದನ್ನು ತಾವಾಗಿ ಹಿಡಿಯಲೇಬಾರದು. ಉಳಿದವರು ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಚೀಟಿ ಎತ್ತಿಟ್ಟುಕೊಳ್ಳಲಿ. ಹನ್ನೆರಡು ವಾರದ ನಂತರ ಹೋಲಿಸಲು ಅದು ಬೇಕು.

ಮುಂದಿನದು ಅಳತೆ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯೊಂದರಲ್ಲಿ ಸುಮಾರು 67 ಗ್ರಾಂ ಕಾರ್ಬ್. ದಿನದ ಪೂರ್ತಿ ಲೆಕ್ಕ ಅಲ್ಲಿಗೇ ಮುಗಿದು ಮೇಲೆ ಸಾಲ. ನೂರು ಗ್ರಾಂ ಬೆಂದ ಅನ್ನದಲ್ಲಿ 28 ಗ್ರಾಂ, 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ 34 ಗ್ರಾಂ. ಇವು ಎಲ್ಲರಿಗೂ ಕಣ್ಣಿಗೆ ಬೀಳುತ್ತವೆ. ಬೀಳದಿರುವುದು ಕಾಫಿ. ಒಂದು ಲೋಟ ಕಾಫಿಗೆ ನೂರು ಮಿ.ಲೀ. ಹಾಲು, ಒಂದು ಚಮಚ ಸಕ್ಕರೆ ಹಿಡಿದರೆ 10 ಗ್ರಾಂ. ದಿನಕ್ಕೆ ನಾಲ್ಕಾದರೆ 40. ಹಾಗೆಯೇ ಸಾರಿಗೆ ಬೀಳುವ ಬೆಲ್ಲದ ಚೂರು, ಮಜ್ಜಿಗೆ ಹುಳಿಗೆ ಕದಡುವ ಅಕ್ಕಿ, ಚಟ್ನಿಯ ಹುರಿಗಡಲೆ. ತೊಗರಿಬೇಳೆಯನ್ನು ಪ್ರೋಟೀನ್ ಎಂದೇ ನಂಬಿದ್ದೇವೆ. ಅದರಲ್ಲಿ ನೂರಕ್ಕೆ ಇಪ್ಪತ್ತೆರಡರಷ್ಟು ಪ್ರೋಟೀನ್ ಇದ್ದರೆ ಐವತ್ತಕ್ಕೂ ಹೆಚ್ಚು ಕಾರ್ಬ್. ಅಡುಗೆಯ ತಕ್ಕಡಿ ಒಂದು ತಂದಿಟ್ಟುಕೊಂಡು ಒಂದು ವಾರ ತೂಗಿದರೆ ಸಾಕು, ಆಮೇಲೆ ಕಣ್ಣೇ ತೂಗುತ್ತದೆ. ಜೀವಮಾನವಿಡೀ ಗ್ರಾಂ ಎಣಿಸುತ್ತ ಕೂರುವುದು ಇನ್ನೊಂದು ಕಾಯಿಲೆ.

ಅಳತೆ ಕೈಗೆ ಹತ್ತಿದ ಮೇಲೆ ಎರಡು ವಾರ ತಯಾರಿಗೆ ಇರಲಿ. ಈ ಎರಡು ವಾರ ಅನ್ನ ಬಿಡಬೇಡಿ, ಪಲ್ಯ ಹೆಚ್ಚಿಸಿ. ಎರಡು ಚಮಚದ ಪಲ್ಯ ಎರಡು ಬಟ್ಟಲಾಗಬೇಕು; ಹಾಗಾಗಬೇಕಾದರೆ ಅದರ ಉಪ್ಪು, ಖಾರ ಅರ್ಧಕ್ಕಿಳಿದು, ಎಣ್ಣೆ, ಕಾಯಿತುರಿ ಸ್ವಲ್ಪ ಏರಬೇಕು. ಹುರುಳಿಕಾಯಿ, ಹೀರೆ, ಪಡವಲ, ಸೋರೆ, ಬದನೆ, ಬೆಂಡೆ, ಕೋಸು, ತೊಂಡೆ, ಮೆಂತ್ಯ, ಸಬ್ಬಸಿಗೆ, ದಂಟು, ಬಸಳೆ ಎಲ್ಲಕ್ಕೂ ಇಲ್ಲಿ ಜಾಗವಿದೆ. ಆಲೂಗಡ್ಡೆ, ಗೆಣಸು, ಸುವರ್ಣಗೆಡ್ಡೆ, ಬಾಳೆಕಾಯಿಗಳಿಗಿಲ್ಲ. ಸಾರನ್ನು ಕುಡಿಯುವ ಹದಕ್ಕೆ ತನ್ನಿ: ಬೇಳೆ ಕಡಿಮೆ, ಹುಣಸೆ ಕಡಿಮೆ, ಬೆಲ್ಲ ಇಲ್ಲ, ಮೆಣಸು ಜೀರಿಗೆ ಮುಂದು. ಈ ಪಥ್ಯಕ್ಕೆ ಹೇಳಿ ಮಾಡಿಸಿದಂಥ ಅಡುಗೆ ನಮ್ಮಲ್ಲೇ ಇದೆ, ಹೊರಗಿನಿಂದ ತರಬೇಕಾದದ್ದು ಕಡಿಮೆ. ಮಲೆನಾಡಿನ ತಂಬುಳಿ, ಶೇಂಗಾ ಎಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಮತ್ತು ಅಗಸಿಯ ಚಟ್ನಿಪುಡಿ, ಕರಾವಳಿಯ ಬಂಗುಡೆ, ಬೂತಾಯಿ, ಕೊಡಗಿನ ಪಂದಿ ಕರಿ ಎಲ್ಲವೂ ರೊಟ್ಟಿ, ಗಂಜಿ, ಕಡುಬುಗಳ ಸಹವಾಸ ಬಿಟ್ಟರೆ ಲೆಕ್ಕದೊಳಗೆ ಕೂರುತ್ತವೆ. ಪೇಟೆಯ ಕೀಟೋ ಬಿಸ್ಕತ್ತು, ಕೀಟೋ ಬ್ರೆಡ್ಡಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ.

ಮೂರನೆಯ ವಾರ ಅನ್ನ ಬಿಡುವ ದಿನದ ಊಟ ಹೀಗಿರಬಹುದು. ಬೆಳಿಗ್ಗೆ ಈರುಳ್ಳಿ, ಕೊತ್ತಂಬರಿ ಹಾಕಿದ ಎರಡು ಮೊಟ್ಟೆಯ ಆಮ್ಲೆಟ್. ಮೊಟ್ಟೆ ತಿನ್ನದವರಿಗೆ ನೂರು ಗ್ರಾಂ ಪನೀರ್ ಬುರ್ಜಿ. ಸಕ್ಕರೆಯಿಲ್ಲದ ಒಂದು ಕಾಫಿ. ಮಧ್ಯಾಹ್ನ ಕಾಯಿತುರಿ ಹಾಕಿದ ಹುರುಳಿಕಾಯಿ ಪಲ್ಯ ಎರಡು ಬಟ್ಟಲು, ಮೀನು ಅಥವಾ ಕೋಳಿ, ಸಸ್ಯಾಹಾರಿಗಳಿಗೆ ನೆನೆಸಿ ಹಿಂಡಿ ಒಗ್ಗರಿಸಿದ ಸೋಯಾ ಚಂಕ್ಸ್, ಒಂದು ಬಟ್ಟಲು ಗಟ್ಟಿ ಮೊಸರು. ಸಂಜೆ ಒಂದು ಹಿಡಿ ಹುರಿದ ಶೇಂಗಾ. ರಾತ್ರಿ ಸೊಪ್ಪಿನ ಪಲ್ಯ, ಎಣ್ಣೆಗಾಯಿ, ತಂಬುಳಿ. ಒಟ್ಟು ಕಾರ್ಬ್ 50ರ ಒಳಗೆ ಬರುತ್ತದೆ. ಸಸ್ಯಾಹಾರಿಗಳಿಗೆ ಇದು ಆಗದ ಮಾತು ಎಂಬ ಆಕ್ಷೇಪ 20 ಗ್ರಾಂ ಪಥ್ಯಕ್ಕೆ ಬಹುಮಟ್ಟಿಗೆ ನಿಜ, 50ಕ್ಕೆ ಅಲ್ಲ. ಖರ್ಚಿನ ಆಕ್ಷೇಪಕ್ಕೆ ಮೊಟ್ಟೆ, ಶೇಂಗಾ, ಸೋಯಾ ಉತ್ತರ. ಬಾದಾಮಿ ಹಿಟ್ಟಿನ ರೊಟ್ಟಿ ಬೇಕೆನ್ನುವವರಿಗೆ ಮಾತ್ರ ಇದು ದುಬಾರಿ.

ಅನ್ನ ಬಿಟ್ಟ ಮೊದಲ ವಾರ ತಲೆನೋವು, ಸುಸ್ತು, ಎದ್ದು ನಿಂತಾಗ ತಲೆ ಸುತ್ತು ಬರುವುದುಂಟು. ಕಾರ್ಬ್ ಕಡಿಮೆಯಾದಾಗ ಇನ್ಸುಲಿನ್ ಇಳಿಯುತ್ತದೆ, ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಹೆಚ್ಚು ಉಪ್ಪನ್ನೂ ನೀರನ್ನೂ ಹೊರಹಾಕುತ್ತದೆ. ಬಿಪಿ, ಹೃದಯ, ಕಿಡ್ನಿಯ ತೊಂದರೆ ಇಲ್ಲದವರು ಉಪ್ಪು ಹಾಕಿದ ನೀರುಮಜ್ಜಿಗೆ, ತಿಳಿಸಾರು ಕುಡಿದರೆ ಇದು ತಹಬಂದಿಗೆ ಬರುತ್ತದೆ. ಮಲಬದ್ಧತೆಗೆ ಸೊಪ್ಪೇ ಮದ್ದು. ಇದೇ ವಾರ ತೂಕ ಎರಡು ಕೆ.ಜಿ. ಇಳಿದರೆ ಊರಿಗೆಲ್ಲ ಸಾರಬೇಡಿ. ಯಕೃತ್ತು ಮತ್ತು ಸ್ನಾಯುಗಳು ಕೂಡಿಟ್ಟುಕೊಂಡ ಗ್ಲೈಕೋಜನ್‌ನ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಗ್ಲೈಕೋಜನ್ ಖರ್ಚಾದಾಗ ಆ ನೀರು ಹೋಗುತ್ತದೆ, ಅಷ್ಟೆ. ಕೊಬ್ಬು ಕರಗುವುದು ನಿಧಾನ.

ಅಜ್ಜ ಅಜ್ಜಿಯರು ಮುದ್ದೆ ಉಂಡೇ ಗಟ್ಟಿಮುಟ್ಟಾಗಿದ್ದರಲ್ಲ ಎಂದು ಕೇಳುವವರಿದ್ದಾರೆ. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ಧಾರಾಳವಾಗಿದೆ. ಪಾಲಿಷ್ ಅಕ್ಕಿಗಿಂತ ಅದು ಮೇಲು ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಅವರು ಉಂಡ ಮುದ್ದೆ ಹೊಲದಲ್ಲಿ ಕರಗುತ್ತಿತ್ತು, ನಮ್ಮದು ಕುರ್ಚಿಯಲ್ಲಿ ಉಳಿಯುತ್ತದೆ. 2025ರ ಇಂಡಿಯಾಬ್ ವರದಿಯೂ, ಒಟ್ಟು ಕಾರ್ಬ್ ತಗ್ಗಿಸದೆ ಅಕ್ಕಿ ಬದಲು ಇಡೀ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದ್ದಕ್ಕೆ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ ಎಂದೇ ಹೇಳಿತು. ಕಾರ್ಬ್‌ನ ಒಂದು ಪಾಲನ್ನು ಕಾಳು, ಹಾಲಿನ ಪ್ರೋಟೀನಿಗೆ ಬಿಟ್ಟುಕೊಟ್ಟ ಊಟದಲ್ಲಿ ಅಪಾಯ ಕಡಿಮೆ ಕಂಡಿತು. ಮಿದುಳಿಗೆ ಗ್ಲೂಕೋಸ್ ಬೇಡವೇ ಎಂಬುದು ಇನ್ನೊಂದು ಪ್ರಶ್ನೆ. ಬೇಕು, ಆದರೆ ಯಕೃತ್ತು ಪ್ರೋಟೀನಿನಿಂದ ಗ್ಲೂಕೋಸ್ ತಯಾರಿಸಬಲ್ಲದು, ಉಳಿದ ಕೊರತೆಯನ್ನು ಕೊಬ್ಬಿನಿಂದ ಹುಟ್ಟುವ ಕೀಟೋನ್ ತುಂಬುತ್ತದೆ. ಹೃದಯದ ಬಗೆಗಿನ ಆಕ್ಷೇಪವನ್ನು ಮಾತ್ರ ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಕೀಟೋ ಎಂದು ತುಪ್ಪ, ಬೆಣ್ಣೆ, ತೆಂಗಿನೆಣ್ಣೆ ಸುರಿದುಕೊಂಡವರಲ್ಲಿ ಕೆಲವರ ಎಲ್‌ಡಿಎಲ್ ಕೊಲೆಸ್ಟ್ರಾಲ್ ಏರುವುದು ನಿಜ. ಕೊಬ್ಬು ಬೇಕೆಂದರೆ ಶೇಂಗಾ ಎಣ್ಣೆ, ಎಳ್ಳು, ಮೀನು, ಕಾಳುಬೀಜಗಳಿಂದ ಹೆಚ್ಚು ಬರಲಿ. ತುಪ್ಪ ಒಗ್ಗರಣೆಯ ಚಮಚಕ್ಕೆ ನಿಲ್ಲಲಿ.

ಪಥ್ಯ ಮುರಿಯುವ ಜಾಗ ಹೆಚ್ಚಾಗಿ ಮನೆಯ ಹೊರಗೆ. ಮದುವೆಮನೆಯಲ್ಲಿ ಎಲೆಗೆ ಮೊದಲು ಬೀಳುವುದೇ ಕೋಸಂಬರಿ, ಪಲ್ಯ. ಬಡಿಸುವವರು ಅನ್ನ ತರುವ ಮೊದಲೇ ಅವನ್ನು ಇನ್ನೊಂದು ಸಲ ಹಾಕಿಸಿಕೊಳ್ಳಿ. ವೈದ್ಯರು ಬೇಡ ಅಂದಿದ್ದಾರೆ ಎಂದರೆ ಬಲವಂತ ನಿಲ್ಲುತ್ತದೆ, ಸಣ್ಣಗಾಗಬೇಕು ಎಂದರೆ ಇನ್ನಷ್ಟು ಹೆಚ್ಚುತ್ತದೆ. ಏಕಾದಶಿಯ ಫಲಾಹಾರವನ್ನು ಪಥ್ಯ ಎಂದುಕೊಳ್ಳಬೇಡಿ. ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣು ಮೂರೂ ಬರೀ ಕಾರ್ಬ್. ಯುಗಾದಿಯ ಹೋಳಿಗೆಗೆ ಮುಂಚೆಯೇ ದಿನ ಗೊತ್ತುಮಾಡಿ, ಕೂತು ತಿಂದು, ಮರುದಿನ ಬೆಳಿಗ್ಗೆ ಆಮ್ಲೆಟ್ಟಿಗೆ ಮರಳಿ. (ಔಷಧ ತೆಗೆದುಕೊಳ್ಳುವವರು ಇದನ್ನೂ ವೈದ್ಯರಲ್ಲಿ ಕೇಳಿಯೇ ಮಾಡಬೇಕು.) ಹಬ್ಬದ ಮರುದಿನ ತಕ್ಕಡಿ ಒಂದೂವರೆ ಕೆ.ಜಿ. ಹೆಚ್ಚು ತೋರಿಸಿ ಬಹಳ ಜನರ ಕೈಕಾಲು ಬಿಡಿಸುತ್ತದೆ. ಮೊದಲ ವಾರ ಹೋದ ನೀರೇ ಈಗ ವಾಪಸು ಬಂದಿದೆ. ನಾಲ್ಕು ದಿನದಲ್ಲಿ ಮತ್ತೆ ಹೋಗುತ್ತದೆ. ವಾರಕ್ಕೊಮ್ಮೆ ಮಾತ್ರ ತೂಕ ನೋಡಿ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ.

ಹನ್ನೆರಡು ವಾರವಾದ ಮೇಲೆ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿಸಿ. ಅಲ್ಲಿಂದ ಮುಂದೆ ಕಟ್ಟುನಿಟ್ಟು ಬೇಕೇ ಎಂಬುದನ್ನು ಆ ಚೀಟಿ ಹೇಳಲಿ. ಇಂಡಿಯಾಬ್ ಅಂಕಿಅಂಶಗಳನ್ನೇ ಆಧರಿಸಿ 2022ರಲ್ಲಿ ಮಾಡಿದ ಲೆಕ್ಕಾಚಾರವೊಂದು, ಭಾರತೀಯರಲ್ಲಿ ಸಕ್ಕರೆ ಕಾಯಿಲೆ ಹಿಮ್ಮೆಟ್ಟಲು ಕಾರ್ಬ್ ಶಕ್ತಿಯ ಪಾಲು ಶೇ 49ರಿಂದ 54, ಪ್ರೋಟೀನ್ ಶೇ 19ರಿಂದ 20 ಇದ್ದರೆ ಒಳ್ಳೆಯದು ಎಂದಿತ್ತು. ಎಂದರೆ ಕೊನೆಗೆ ತಲುಪಬೇಕಾದ ಊರು ಸೊನ್ನೆ ಅನ್ನದ್ದಲ್ಲ. ಮರಳುವಾಗ ಒಂದೊಂದೇ ಹೆಜ್ಜೆ: ಮೊದಲು ಮಧ್ಯಾಹ್ನ ಅರ್ಧ ಬಟ್ಟಲು ಕಾಳಿನ ಉಸಳಿ, ಎರಡು ವಾರದ ಮೇಲೆ ಒಂದು ತೆಳು ಜೋಳದ ರೊಟ್ಟಿ ಅಥವಾ ನಿಂಬೆಹಣ್ಣಿನ ಗಾತ್ರದ ಎರಡು ಮುದ್ದೆ, ಆಮೇಲೆ ಬೇಕಿದ್ದರೆ ಅನ್ನ. ಪ್ರತಿ ಹೆಜ್ಜೆಗೂ ಊಟವಾಗಿ ಎರಡು ಗಂಟೆಗೆ ಶುಗರ್ ನೋಡಿಕೊಳ್ಳಿ, 140 ದಾಟುತ್ತಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಎಲ್‌ಡಿಎಲ್ ಏರಿದ್ದರೆ ಮಾತ್ರೆಯ ಮಾತು ವೈದ್ಯರಿಗೆ ಬಿಟ್ಟು, ಈಗಲೇ ಪನೀರು, ಬೆಣ್ಣೆ ಕಡಿಮೆ ಮಾಡಿ ಸೋಯಾ, ಮೀನು, ಶೇಂಗಾದ ಕಡೆ ತಿರುಗಿ, ಇನ್ನಾರು ವಾರಕ್ಕೆ ಕೊಲೆಸ್ಟ್ರಾಲ್ ಒಂದನ್ನು ಮತ್ತೆ ಪರೀಕ್ಷಿಸಿಕೊಳ್ಳಿ. ಎರಡು ಬಟ್ಟಲು ಪಲ್ಯ ಮಾತ್ರ ಇದ್ದಹಾಗೇ ಇರಲಿ.